ಎರಡು ಲಕ್ಷ ಕಿ.ಮೀ. ಓಡಿದ ಡೀಸೆಲ್ ಕಾರು ಕೊಳ್ಳಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ ಮಾರಾಟಕ್ಕೆ ಸಿಗುವ, ಲಕ್ಷ ಕಿ.ಮೀ. ದಾಟಿದ ಡೀಸೆಲ್ ಕಾರುಗಳ ಬಗ್ಗೆ. ರಿಪೇರಿ ಬೆಲೆಗಳು ಹೊರಗಿನ ಒಳ್ಳೆಯ ಗ್ಯಾರೇಜಿನ ಅಂದಾಜು ಮಾತ್ರ. ಊರಿಂದ ಊರಿಗೆ ಹೆಚ್ಚು ಕಡಿಮೆ ಆಗುತ್ತದೆ, ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಇನ್ನೂ ಮೇಲೆ ಹೋಗುತ್ತದೆ.

ಎರಡು ಲಕ್ಷ ಓಡಿದೆ ಅಂದರೆ ಎಂಜಿನ್ ಮುಗಿದಂತೆಯೇ ಅಲ್ಲವೇ?

ಅಲ್ಲ. ಎಂಜಿನ್ ಸವೆಯುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಓಡಿದ ಗಂಟೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಸಲ ಮತ್ತು ಆಯಿಲ್ ಬದಲಿಸಿದ ಶಿಸ್ತು ಇವುಗಳ ಲೆಕ್ಕದಲ್ಲಿ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ 2 ಲಕ್ಷ ಓಡಿದ ಗಾಡಿಯ ಎಂಜಿನ್ ದುಡಿದಿರುವುದು 4,000 ಗಂಟೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸರಾಸರಿ 18ರಲ್ಲಿ ತೆವಳಿ 90,000 ಓಡಿದ ಗಾಡಿ ದುಡಿದಿರುವುದು 5,000 ಗಂಟೆ. ಎರಡನೆಯದರ ಕ್ಲಚ್, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್), ಬ್ರೇಕ್ ಎಲ್ಲವೂ ಹೆಚ್ಚು ಸವೆದಿರುತ್ತವೆ. ಆದರೂ ಮಾರುಕಟ್ಟೆಯಲ್ಲಿ ಅದಕ್ಕೇ ಹೆಚ್ಚು ಬೆಲೆ. ಲೆಕ್ಕ ಗೊತ್ತಿದ್ದವರಿಗೆ ಲಾಭ ಇರುವುದು ಈ ಅಂತರದಲ್ಲಿಯೇ.

ಹಾಗಂತ ಹೆದ್ದಾರಿ ಗಾಡಿ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬಿಲ್ ಬೇಕು. 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಬೇಕಾದ ಗಾಡಿ 2 ಲಕ್ಷ ಓಡಿದ್ದರೆ ಇಪ್ಪತ್ತು ಸರ್ವಿಸ್ ಆಗಿರಬೇಕು. ಹದಿನೈದರ ಬಿಲ್ ಸಿಕ್ಕಿದರೂ ಒಳ್ಳೆಯ ಗಾಡಿ ಎನ್ನಬಹುದು. ನಾಲ್ಕೇ ಸಿಕ್ಕಿ, ಮಿಕ್ಕಿದ್ದು "ನಮ್ಮ ಹುಡುಗನ ಗ್ಯಾರೇಜಲ್ಲಿ ಮಾಡಿಸಿದ್ದು" ಎಂದರೆ ಬೆಲೆ ಆ ಪ್ರಕಾರ ಇಳಿಯಬೇಕು.

ನಾನು ತಿಂಗಳಿಗೆ 500 ಕಿ.ಮೀ. ಓಡಿಸುತ್ತೇನೆ. ನನಗೆ ಡೀಸೆಲ್ ಬೇಕೇ?

ಬೇಡ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಗಾತ್ರದ ಪೆಟ್ರೋಲ್ ಗಾಡಿ 15, ಡೀಸೆಲ್ 20 ಮೈಲೇಜ್ ಕೊಟ್ಟರೆ ಕಿ.ಮೀ.ಗೆ ಉಳಿಯುವುದು ಸುಮಾರು 2 ರೂ. 30 ಪೈಸೆ. ತಿಂಗಳಿಗೆ 500 ಓಡಿಸುವವರಿಗೆ ವರ್ಷಕ್ಕೆ ಹದಿನಾಲ್ಕು ಸಾವಿರವೂ ಉಳಿಯುವುದಿಲ್ಲ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಒಂದೇ ಒಂದು ಇಂಜೆಕ್ಟರ್ ಕೈಕೊಟ್ಟರೆ ಅಷ್ಟೂ ಹೋಯಿತು. ತಿಂಗಳಿಗೆ 1,500 ಓಡಿಸುವವರಿಗೆ ವರ್ಷಕ್ಕೆ ನಲವತ್ತು ಸಾವಿರದ ಮೇಲೆ ಉಳಿಯುತ್ತದೆ, ಅಲ್ಲಿಂದ ಲೆಕ್ಕ ಕೂಡುತ್ತದೆ. ದಿನಾ ಐದಾರು ಕಿ.ಮೀ. ಓಡಿಸಿ ನಿಲ್ಲಿಸುವವರಿಗಂತೂ ಡೀಸೆಲ್ ಸರಿಹೋಗುವುದೇ ಇಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ, ಮಸಿ ಕಟ್ಟುತ್ತದೆ.

ಮೀಟರ್ ತಿರುಗಿಸಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?

ಡಿಜಿಟಲ್ ಮೀಟರ್ ತಿರುಗಿಸುವುದು ಲ್ಯಾಪ್‌ಟಾಪ್ ಇದ್ದವರಿಗೆ ಅರ್ಧ ಗಂಟೆಯ ಕೆಲಸ. ಆದ್ದರಿಂದ ಮೀಟರನ್ನು ಸಾಕ್ಷಿ ಎಂದು ನಂಬಬೇಡಿ. ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್‌ನಿಂದ ಸರ್ವಿಸ್ ಹಿಸ್ಟರಿ ತೆಗೆಸಿ. ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆ ಕೇಳುತ್ತಾರೆ, ಹಾಗಾಗಿ ಮಾರುವವರಿಂದಲೇ ಫೋನ್ ಮಾಡಿಸಿ. 2019ರಲ್ಲಿ 1,12,000 ಎಂದು ದಾಖಲಾದ ಗಾಡಿ ಈಗ 84,000 ತೋರಿಸುತ್ತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ದಾಖಲೆ ಯಾವುದೋ ವರ್ಷ ಥಟ್ಟನೆ ನಿಂತುಹೋಗಿದ್ದರೂ ಎಚ್ಚರಿಕೆ ಇರಲಿ.

ಆಮೇಲೆ ಗಾಡಿಯೇ ಹೇಳುತ್ತದೆ. ಸ್ಟೀರಿಂಗ್ ಮೇಲ್ಭಾಗ ನುಣುಪಾಗಿ ಹೊಳೆಯುವುದು, ಕ್ಲಚ್ ಪೆಡಲ್ ರಬ್ಬರಿನ ಗೆರೆ ಅಳಿಸಿರುವುದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿರುವುದು, ಇವೆಲ್ಲ 60,000 ಕಿ.ಮೀ.ಗೆ ಆಗುವ ಸವೆತ ಅಲ್ಲ. ಹಳೆಯ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಿದ್ದರೆ ಅದೂ ಒಂದು ಉತ್ತರವೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಎಂದರೆ 2021ರ 32ನೇ ವಾರ ತಯಾರಾದದ್ದು. 2016ರ ಗಾಡಿ 38,000 ಓಡಿದೆ ಎನ್ನುತ್ತಾರೆ, ಟೈರ್ 2021ರದ್ದು, ಅದೂ ಸವೆದು ಕೊನೆಗೆ ಬಂದಿದೆ ಎಂದರೆ ಇದು ಕಡಿಮೆ ಎಂದರೂ ಎರಡನೇ ಸೆಟ್. ಒಂದು ಸೆಟ್ 40,000ದ ಸುಮಾರು ಬಾಳುತ್ತದೆ, ನೀವೇ ಕೂಡಿಸಿಕೊಳ್ಳಿ.

ಕೆಲವು ಗಾಡಿಗಳಲ್ಲಿ ಎಬಿಎಸ್, ಗೇರ್‌ಬಾಕ್ಸ್ ಅಥವಾ ಎಂಜಿನ್ ಕಂಪ್ಯೂಟರ್ ಒಳಗೂ ಕಿ.ಮೀ. ಉಳಿದಿರುತ್ತದೆ. ಒಳ್ಳೆಯ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅದನ್ನು ಓದಬಲ್ಲ. ತಿರುಗಿಸುವವರು ಅಲ್ಲೂ ಬದಲಿಸುವುದನ್ನು ಮರೆಯುವುದುಂಟು.

ಯಾವ ಎಂಜಿನ್ ಇರುವ ಗಾಡಿ ಹುಡುಕಬೇಕು?

ಬಿಡಿಭಾಗ ಸುಲಭವಾಗಿ ಸಿಗುವ, ನಿಮ್ಮ ಊರಿನ ಮೆಕ್ಯಾನಿಕ್‌ಗೆ ಕೈ ಪಳಗಿರುವ ಎಂಜಿನ್. ಬ್ರ್ಯಾಂಡಿಗಿಂತ ಇದು ಮುಖ್ಯ.

ಸ್ವಿಫ್ಟ್, ಡಿಜೈರ್, ರಿಟ್ಜ್‌ನಲ್ಲಿರುವುದು ಫಿಯಟ್‌ನ 1,248 ಸಿಸಿ ಮಲ್ಟಿಜೆಟ್. ಟಾಟಾ ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್‌ನಲ್ಲೂ ಅದೇ. ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಬಿಗಿಯಾದ ಹೊಗೆ ನಿಯಮ ಬಂದಾಗ ಡೀಸೆಲ್ ನಿಲ್ಲಿಸಿತು. ಆದರೆ ರಸ್ತೆಯಲ್ಲಿ ಇಷ್ಟೊಂದು ಗಾಡಿಗಳಿರುವುದರಿಂದ ಬಿಡಿಭಾಗದ ಚಿಂತೆ ಸದ್ಯಕ್ಕಿಲ್ಲ. ಇದರ ದೌರ್ಬಲ್ಯ ಟೈಮಿಂಗ್ ಚೈನ್, ಮುಂದೆ ಹೇಳಿದ್ದೇವೆ.

ಇನ್ನೋವಾದ ಹಳೆಯ 2,494 ಸಿಸಿ ಡಿ-4ಡಿ ಎಂಜಿನ್ ಮೂರು ಲಕ್ಷ ದಾಟಿದರೂ ಹೆದರಬೇಕಿಲ್ಲ. ಆದರೆ ಮಾರುವವರಿಗೂ ಅದು ಗೊತ್ತು, ಬೆಲೆಯಲ್ಲಿ ಕರುಣೆ ಇರುವುದಿಲ್ಲ. ಇಟಿಯೋಸ್ ಡೀಸೆಲ್ 1,364 ಸಿಸಿ: ಗದ್ದಲ ಹೆಚ್ಚು, ಒಳಾಂಗಣ ಬಡವಾಯಿತು, ಎಂಜಿನ್ ಗಟ್ಟಿ. ಹೆಚ್ಚು ಓಡಿದ ಗಾಡಿ ಕಡಿಮೆ ದುಡ್ಡಿಗೆ ಬೇಕೆನ್ನುವವರು ಮೊದಲು ಇದನ್ನೇ ನೋಡಬೇಕು. ಹುಂಡೈ 1.4 ಮತ್ತು 1.6 ಸಿಆರ್‌ಡಿಐ ನಯವಾದ ಎಂಜಿನ್‌ಗಳು, ಇಂಜೆಕ್ಟರ್ ಕೆಲಸ ಬಂದಾಗ ಬಿಲ್ ದೊಡ್ಡದು. ಡಸ್ಟರ್, ಸನ್ನಿಯ 1,461 ಸಿಸಿ ಎಂಜಿನ್ ಚೆನ್ನಾಗಿದೆ, ಆದರೆ ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಇಲ್ಲದೆ ಮುಟ್ಟಬೇಡಿ. ಫೋಕ್ಸ್‌ವ್ಯಾಗನ್ ಡೀಸೆಲ್‌ಗಳ ಓಟಕ್ಕೆ ಸಾಟಿಯಿಲ್ಲ, ರಿಪೇರಿ ಖರ್ಚಿಗೂ ಇಲ್ಲ. 7 ಸ್ಪೀಡ್ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ, ವಾರಂಟಿ ಮುಗಿದ, ಸಿಟಿಯಲ್ಲೇ ಓಡಿದ ಗಾಡಿಯನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಅದರ ಡೀಸೆಲ್‌ಗಳು ಓಡಿಸಲು ಸೊಗಸು. ಹತ್ತಿರದಲ್ಲಿ ಫೋರ್ಡ್ ಬಲ್ಲ ಗ್ಯಾರೇಜ್ ಇದ್ದರೆ ಮಾತ್ರ ನೋಡಿ.

ಟೈಮಿಂಗ್ ಬೆಲ್ಟ್, ಟೈಮಿಂಗ್ ಚೈನ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅಷ್ಟು ಮುಖ್ಯವೇ?

ಹೌದು. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್ ಒಂದೇ ಲಯದಲ್ಲಿ ತಿರುಗುವಂತೆ ಹಿಡಿದಿಡುವುದು ಇದು. ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಹೆಡ್ ಬಿಚ್ಚಬೇಕು, ಕೆಲವೊಮ್ಮೆ ಪಿಸ್ಟನ್ನೂ ಹೋಗಿರುತ್ತದೆ. ಹತ್ತು ಹದಿನೈದು ಸಾವಿರದ ಕೆಲಸ ಮುಂದೂಡಿದ್ದಕ್ಕೆ ಲಕ್ಷದ ಹತ್ತಿರ ತೆರಬೇಕಾಗುತ್ತದೆ.

ಹಳೆಯ ಇನ್ನೋವಾ, ಡಸ್ಟರ್, ಫೋಕ್ಸ್‌ವ್ಯಾಗನ್ 1.5 ಮತ್ತು 1.6, ಫೋರ್ಡ್ 1.4 ಮತ್ತು 1.5 ಡೀಸೆಲ್‌ಗಳಲ್ಲಿ ಬೆಲ್ಟ್ ಇದೆ. ಎಷ್ಟು ಕಿ.ಮೀ.ಗೆ ಬದಲಿಸಬೇಕು ಎಂಬುದು ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಓಟ ಕಡಿಮೆ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಎಂಬುದನ್ನು ಮರೆಯಬೇಡಿ. ಬದಲಿಸುವಾಗ ಬೆಲ್ಟ್ ಒಂದೇ ಅಲ್ಲ, ಟೆನ್ಶನರ್, ಐಡ್ಲರ್ ಬೇರಿಂಗ್ ಕೂಡ ಹೊಸದು ಹಾಕಿಸಬೇಕು. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುವ ಗಾಡಿಯಾದರೆ ಅದನ್ನೂ ಒಟ್ಟಿಗೆ ಮುಗಿಸಿ, ಕೂಲಿ ಒಂದೇ ಸಲ ಬೀಳುತ್ತದೆ. ಇನ್ನೋವಾದಲ್ಲಿ ಬೆಲ್ಟ್ ಬದಲಿಸುವ ಸಮಯಕ್ಕೆ ಮೀಟರಿನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆ ದೀಪ ಮಾತ್ರ ಆರಿಸುವ ಜಾಣರಿದ್ದಾರೆ, ಆದ್ದರಿಂದ ದೀಪ ಹತ್ತಿಲ್ಲ ಎಂಬುದು ಪುರಾವೆ ಅಲ್ಲ. ಬಿಲ್ಲಿನಲ್ಲಿ ಬೆಲ್ಟ್ ಎಂದು ಬರೆದಿರಬೇಕು. ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಿರಿ.

ಮಲ್ಟಿಜೆಟ್, ಇಟಿಯೋಸ್, ಹುಂಡೈ, ಹೋಂಡಾ 1.5, ಮಹೀಂದ್ರಾ 2.2 ಎಂಹಾಕ್‌ನಲ್ಲಿ ಚೈನ್. "ಚೈನ್ ಜೀವಮಾನಪೂರ್ತಿ" ಎಂಬ ಮಾತು ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದವರಿಗೆ ಮಾತ್ರ ಅನ್ವಯ. ಚೈನ್ ಬಿಗಿ ಹಿಡಿಯುವ ಟೆನ್ಶನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಕೊಳೆ ಆಯಿಲ್‌ನಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಚೈನ್ ಸಡಿಲವಾಗಿ ಹಲ್ಲು ಹಾರುತ್ತದೆ. ಮಲ್ಟಿಜೆಟ್‌ನಲ್ಲಿ ಬೆಳಗ್ಗೆ ಮೊದಲ ಸ್ಟಾರ್ಟಿಗೆ ಬಲಗಡೆಯಿಂದ, ಅಂದರೆ ಫ್ಯಾನ್ ಬೆಲ್ಟ್ ಕಡೆಯಿಂದ, ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕರಕರ ಸದ್ದು ಬಂದರೆ ಚೈನ್ ಕಿಟ್‌ನ ಖರ್ಚು ತಲೆಯಲ್ಲಿಟ್ಟುಕೊಳ್ಳಿ.

ಗಾಡಿ ನೋಡಲು ಹೋದಾಗ ಮೊದಲು ಏನು ಮಾಡಬೇಕು?

"ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿ. ಬೆಳಗ್ಗೆ ಏಳು ಗಂಟೆಗೆ ಹೋಗಿ. ಬಾನೆಟ್ ತೆಗೆದು ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿ ಇಟ್ಟಿದ್ದಾರೆ, ಬಿಸಿಯಾದ ಎಂಜಿನ್ ಅರ್ಧ ಕಾಯಿಲೆ ಮುಚ್ಚಿಡುತ್ತದೆ. ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹೊರಡಿ.

ತಣ್ಣಗಿದ್ದಾಗಲೇ ಕೂಲೆಂಟ್ ಮುಚ್ಚಳ ತೆಗೆದು ನೋಡಿ. ಬಿಸಿ ಎಂಜಿನ್‌ನಲ್ಲಿ ಎಂದಿಗೂ ತೆಗೆಯಬಾರದು, ಮುಖಕ್ಕೆ ಚಿಮ್ಮುತ್ತದೆ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ಬರೀ ನಲ್ಲಿ ನೀರು, ತುಕ್ಕು ಬಣ್ಣ ಅಥವಾ ಮೇಲೆ ಎಣ್ಣೆಯ ಪದರ ಇದ್ದರೆ ಕೆಟ್ಟ ಸೂಚನೆ. ಆಮೇಲೆ ಡಿಪ್‌ಸ್ಟಿಕ್. ಡೀಸೆಲ್ ಎಂಜಿನ್ ಆಯಿಲ್ ಬದಲಿಸಿದ ವಾರಕ್ಕೇ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಮಟ್ಟ ಮೇಲಿನ ಗೆರೆಗಿಂತ ತುಂಬಾ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿದೆ, ಇಲ್ಲವೇ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೊಂದರೆ.

ಈಗ ಕೀ ಆನ್ ಮಾಡಿ, ಸ್ಟಾರ್ಟ್ ಬೇಡ. ಚೆಕ್ ಎಂಜಿನ್, ಆಯಿಲ್, ಎಬಿಎಸ್, ಏರ್‌ಬ್ಯಾಗ್ ದೀಪಗಳೆಲ್ಲ ಹತ್ತಬೇಕು. ಯಾವುದಾದರೂ ಹತ್ತದಿದ್ದರೆ ಅದನ್ನು ಕಿತ್ತಿರುವ ಸಾಧ್ಯತೆ ಇದೆ. ಹೀಟರ್ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡಿನಲ್ಲಿ ಹಿಡಿಯಬೇಕು. ಆಯಿಲ್ ದೀಪ ತಕ್ಷಣ ಆರಬೇಕು. ಮಿಸ್ಸಿಂಗ್ ಇದ್ದು ನಡುಗಿ ಆಮೇಲೆ ಸರಿಹೋದರೆ ಗ್ಲೋ ಪ್ಲಗ್ (ತಣ್ಣನೆಯ ಎಂಜಿನ್ ಬಿಸಿಮಾಡುವ ಹೀಟರ್) ಅಥವಾ ಇಂಜೆಕ್ಟರ್. ಮೊದಲನೆಯದು ಅಗ್ಗ, ಎರಡನೆಯದು ಅಲ್ಲ.

ಹೊಗೆಯ ಬಣ್ಣ ಏನು ಹೇಳುತ್ತದೆ?

ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸಲ ತೆಳು ಕಪ್ಪು ಹೊಗೆ ಬಿಎಸ್3, ಬಿಎಸ್4 ಗಾಡಿಗಳಲ್ಲಿ ಸಹಜ. ನಿರಂತರ ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ, ಡೀಸೆಲ್ ಹೆಚ್ಚು: ಟರ್ಬೊ ಹೋಸ್ ಬಿರುಕು, ಇಜಿಆರ್ ಸಿಕ್ಕಿಕೊಂಡಿರುವುದು ಅಥವಾ ಇಂಜೆಕ್ಟರ್. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಮಡಿಕೇರಿಯ ಚಳಿಯಲ್ಲಿ ಒಂದೆರಡು ನಿಮಿಷ ಬಂದರೆ ಆವಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಕಣ್ಣು ಉರಿಯುವ ವಾಸನೆ ಇದ್ದರೆ ಉರಿಯದ ಡೀಸೆಲ್, ಸಿಹಿ ವಾಸನೆ ಇದ್ದರೆ ಕೂಲೆಂಟ್.

ಕಡಿಮೆ ಖರ್ಚಿನ ಒಂದು ಉಪಾಯ: ಮಾರುವವರನ್ನು ಜೊತೆಗೆ ಕರೆದುಕೊಂಡು ಹೊಸದಾಗಿ ಎಮಿಷನ್ ಟೆಸ್ಟ್ ಮಾಡಿಸಿ. ಬಿಎಸ್4 ಡೀಸೆಲ್‌ಗೆ ಹೊಗೆ ಸಾಂದ್ರತೆಯ ಕೆ ಮೌಲ್ಯದ ಮಿತಿ 1.62. ಚೀಟಿಯಲ್ಲಿ ಮಿತಿಯ ಅರ್ಧಕ್ಕಿಂತ ಬಹಳ ಕೆಳಗಿದ್ದರೆ ಉರಿತ ಚೆನ್ನಾಗಿದೆ, ಅಂಚಿನಲ್ಲಿದ್ದರೆ ಏನೋ ಇದೆ. ಗಾಡಿ ತರದೆ ಚೀಟಿ ಕೊಡುವ ಕಡೆ ಹೋದರೆ ಮಾತ್ರ ಏನೂ ಪ್ರಯೋಜನವಿಲ್ಲ.

ಬ್ಯಾಕ್ ಕಂಪ್ರೆಷನ್ ಎಂದರೇನು? ನಾನೇ ನೋಡಬಹುದೇ?

ಪಿಸ್ಟನ್ ರಿಂಗ್ ಮತ್ತು ಬೋರ್ ಸವೆದಾಗ ಉರಿದ ಅನಿಲ ಕೆಳಗಿಳಿದು ಆಯಿಲ್ ಇರುವ ಜಾಗಕ್ಕೆ ಬರುತ್ತದೆ. ಅದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತೆಗೆಯದೆ ಅಲ್ಲೇ ಸಡಿಲವಾಗಿ ಇಡಿ. ಸ್ವಲ್ಪ ಅದುರಿದರೆ ಪರವಾಗಿಲ್ಲ. ಕುಣಿದು ಬೀಳುವಂತಿದ್ದರೆ, ತೆಗೆದಾಗ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ಎಂಜಿನ್ ಕೆಲಸ ಹತ್ತಿರದಲ್ಲಿದೆ. ಈ ಅನಿಲ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಅದನ್ನು ಬಿಚ್ಚಿಸಿ ನೋಡಿ ಆಮೇಲೆ ತೀರ್ಮಾನಿಸಿ. ಮಾರುವ ಮುನ್ನ 20ಡಬ್ಲ್ಯು-50ಯಂಥ ದಪ್ಪ ಆಯಿಲ್ ಹಾಕಿ ಇದನ್ನು ಕೆಲ ದಿನ ಅಡಗಿಸುವವರಿದ್ದಾರೆ. 5ಡಬ್ಲ್ಯು-30 ಬೇಕಾದ ಎಂಜಿನ್‌ನ ಡಿಪ್‌ಸ್ಟಿಕ್‌ನಿಂದ ಆಯಿಲ್ ಜೇನಿನಂತೆ ಎಳೆ ಎಳೆಯಾಗಿ ಇಳಿದರೆ ಪ್ರಶ್ನೆ ಕೇಳಿ.

ಪೂರ್ತಿ ಎಂಜಿನ್ ಕೆಲಸಕ್ಕೆ ಸಣ್ಣ ಕಾರಿಗೆ 70,000ದಿಂದ ಲಕ್ಷದ ಮೇಲೆ ಹಿಡಿಯುತ್ತದೆ. ಅಷ್ಟು ಬೆಲೆ ಇಳಿಸಿದರೂ ಇಂಥ ಗಾಡಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಬಿಚ್ಚಿದ ಎಂಜಿನ್ ಯಾರ ಕೈಯಲ್ಲಿ ಮತ್ತೆ ಜೋಡಣೆಯಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಟರ್ಬೊ, ಇಂಜೆಕ್ಟರ್, ಪಂಪ್ ಈ ಮೂರರಲ್ಲಿ ಯಾವುದು ಹೆಚ್ಚು ಅಪಾಯ?

ಪಂಪ್. ಟರ್ಬೊ ಹೋದರೆ ಟರ್ಬೊ ಬದಲಿಸಿದರಾಯಿತು. ಇಂಜೆಕ್ಟರ್ ಹೋದರೆ ಒಂದೊಂದಾಗಿ ನೋಡಬಹುದು. ಡೀಸೆಲ್ ಒತ್ತುವ ಹೈ ಪ್ರೆಷರ್ ಪಂಪ್ ಒಳಗೆ ಸವೆದರೆ ಕಬ್ಬಿಣದ ಸಣ್ಣ ಪುಡಿ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ), ಇಂಜೆಕ್ಟರ್, ರಿಟರ್ನ್ ಪೈಪಿನ ಮೂಲಕ ಟ್ಯಾಂಕಿನ ತನಕ ಹರಡುತ್ತದೆ. ಎಲ್ಲವನ್ನೂ ತೊಳೆದು ಬದಲಿಸಬೇಕು, ಬಿಲ್ ಲಕ್ಷ ದಾಟುವುದು ಸುಲಭ. ಪರೀಕ್ಷೆ ಸರಳ: ಡೀಸೆಲ್ ಫಿಲ್ಟರ್ ಬಿಚ್ಚಿಸಿ ಒಳಗಿನ ಡೀಸೆಲ್ಲನ್ನು ಬಿಳಿ ತಟ್ಟೆಗೆ ಸುರಿಸಿ, ಬಿಸಿಲಲ್ಲಿ ನೋಡಿ. ಬೆಳ್ಳಿಯ ಮಿನುಗು ಕಂಡರೆ ಆ ಗಾಡಿ ಬೇಡ. ನೀರು ತಳದಲ್ಲಿ ನಿಂತಿದ್ದರೆ ಫಿಲ್ಟರ್ ಬಹಳ ದಿನದಿಂದ ಯಾರೂ ಮುಟ್ಟಿಲ್ಲ.

ಇಂಜೆಕ್ಟರಿಗೆ ರಿಟರ್ನ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪನ್ನು ಒಂದೊಂದು ಸಣ್ಣ ಬಾಟಲಿಗೆ ಬಿಟ್ಟು ಐದು ನಿಮಿಷ ಓಡಿಸುತ್ತಾರೆ. ನಾಲ್ಕೂ ಹೆಚ್ಚು ಕಡಿಮೆ ಒಂದೇ ಮಟ್ಟ ಇರಬೇಕು. ಒಂದು ಮಾತ್ರ ದುಪ್ಪಟ್ಟು ತುಂಬಿದರೆ ಅದು ಸವೆದಿದೆ. ಟರ್ಬೊಗೆ ಇಂಟರ್‌ಕೂಲರ್ ಹೋಸ್ ಬಿಚ್ಚಿ ನೋಡಿ: ಬೆರಳಿಗೆ ಅಂಟುವ ತೆಳು ಎಣ್ಣೆ ಸಹಜ, ಸುರಿಯುವಷ್ಟಿದ್ದರೆ ಸೀಲ್ ಹೋಗಿದೆ. ತಿರುಗುವ ಶಾಫ್ಟ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಬಹುದು, ಹಿಂದೆ ಮುಂದೆ ಅಲುಗಬಾರದು.

ಟೆಸ್ಟ್ ಡ್ರೈವ್‌ನಲ್ಲಿ ಏನೇನು ನೋಡಬೇಕು?

ಬೀದಿ ಸುತ್ತಿ ಬರುವುದು ಟೆಸ್ಟ್ ಡ್ರೈವ್ ಅಲ್ಲ. ಮುಕ್ಕಾಲು ಗಂಟೆ ಬೇಕು, ಅದರಲ್ಲಿ ಇಪ್ಪತ್ತು ನಿಮಿಷ ಹೆದ್ದಾರಿ, ಒಂದು ಏರು, ಸ್ವಲ್ಪ ಹಾಳು ರಸ್ತೆ. ರೇಡಿಯೋ ಆಫ್, ಎಸಿ ಮೊದಲು ಆಫ್ ಆಮೇಲೆ ಆನ್.

ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. 1,800–2,000 ಆರ್‌ಪಿಎಂ ಸುತ್ತ ಟರ್ಬೊ ಎಳೆತ ಗೊತ್ತಾಗಬೇಕು. ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸುಮಾರು 3,000 ದಾಟದೆ ಗಾಡಿ ಸತ್ತಂತಾದರೆ ಲಿಂಪ್ ಮೋಡ್ (ತೊಂದರೆ ಕಂಡು ಕಂಪ್ಯೂಟರ್ ಎಂಜಿನ್ನಿನ ಶಕ್ತಿ ತಗ್ಗಿಸುವುದು), ಟರ್ಬೊ ಅಥವಾ ಸೆನ್ಸರ್ ತೊಂದರೆ. ಸೈರನ್ನಿನ ಹಾಗೆ ಊಳಿಡುವ ಸದ್ದು ಟರ್ಬೊ ಬೇರಿಂಗ್‌ದು. ಬಿಸಿಯಾದ ಮೇಲೆ ಮೂರರಿಂದ ಎರಡಕ್ಕೆ ಇಳಿಸಿದಾಗ ಗೇರ್ ಕರಕ್ ಎಂದರೆ ಸಿಂಕ್ರೊ (ಗೇರ್ ನಯವಾಗಿ ಬೀಳುವಂತೆ ಮಾಡುವ ರಿಂಗ್) ಸವೆದಿದೆ.

ಐಡ್ಲಿಂಗ್‌ನಲ್ಲಿ ಕ್ಲಚ್ ಒತ್ತಿದಾಗ, ಬಿಟ್ಟಾಗ ಗಡಗಡ ಸದ್ದು ಬದಲಾಗುತ್ತದೆಯೇ ಕೇಳಿ. ಡ್ಯುಯಲ್ ಮಾಸ್ ಫ್ಲೈವ್ಹೀಲ್ (ಎಂಜಿನ್ ನಡುಕ ತಡೆಯುವ ಎರಡು ಭಾಗದ ಚಕ್ರ) ಇರುವ ಗಾಡಿಗಳಲ್ಲಿ ಇದು ದುಬಾರಿ ಸದ್ದು. ಸ್ವಿಫ್ಟ್‌ನಂಥ ಗಾಡಿಯ ಕ್ಲಚ್ ಸೆಟ್ ಹತ್ತು ಹನ್ನೆರಡು ಸಾವಿರದಲ್ಲಿ ಮುಗಿದರೆ, ಫ್ಲೈವ್ಹೀಲ್ ಸೇರಿದರೆ ಅದರ ನಾಲ್ಕೈದು ಪಟ್ಟು ಆಗಬಹುದು. ಏರು ಹತ್ತಿದ ಮೇಲೆ ಟೆಂಪರೇಚರ್ ಮುಳ್ಳು ಜಾಗ ಬಿಟ್ಟು ಅಲುಗಿರಬಾರದು. ವಾಪಸ್ ಬಂದು ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಹಿಡಿದು ಬಿಸಿಯಲ್ಲಿ ತಡಮಾಡುವ ಡೀಸೆಲ್‌ನಲ್ಲಿ ಇಂಜೆಕ್ಟರ್ ರಿಟರ್ನ್ ಹೆಚ್ಚಿರುವುದೇ ಸಾಮಾನ್ಯ.

ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಸದ್ದಿಗೆ ಗಾಡಿ ಬಿಡಬೇಡಿ. ಅದು ಚೌಕಾಸಿಗೆ ಸಿಗುವ ಸರಕು.

ಸ್ಕ್ಯಾನರ್ ಹಾಕಿಸಿದರೆ ಸಾಕೇ?

"ಎರರ್ ಏನೂ ಇಲ್ಲ ಸಾರ್" ಎಂಬ ಮಾತಿಗೆ ಬೆಲೆಯಿಲ್ಲ, ಎರರ್ ಅಳಿಸುವುದು ಒಂದು ಬಟನ್ನಿನ ಕೆಲಸ. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬುದನ್ನು ಬಹುತೇಕ ಗಾಡಿಗಳಲ್ಲಿ ಸ್ಕ್ಯಾನರ್ ತೋರಿಸುತ್ತದೆ. ಅದನ್ನು ಕೇಳಿ. 6 ಕಿ.ಮೀ. ಎಂದು ಬಂದರೆ ಇವತ್ತು ಬೆಳಗ್ಗೆ ಅಳಿಸಿದ್ದಾರೆ. ಟೆಸ್ಟ್ ಡ್ರೈವ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿಸಿ. ಇಂಜೆಕ್ಟರ್ ಕರೆಕ್ಷನ್ ಮತ್ತು ರೈಲ್ ಪ್ರೆಷರ್ ಅಂಕಿಗಳನ್ನು ಎಂಜಿನ್ ಬಿಸಿಯಿರುವಾಗ ಐಡ್ಲಿಂಗ್‌ನಲ್ಲಿ ನೋಡಬೇಕು.

2020ರ ನಂತರದ ಬಿಎಸ್6 ಡೀಸೆಲ್ ಆದರೆ ಬೇರೆ ಏನು ನೋಡಬೇಕು?

ಡಿಪಿಎಫ್. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇದು. ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಸುರಿದು 600 ಡಿಗ್ರಿ ಸುಮಾರಿಗೆ ಬಿಸಿಮಾಡಿ ಸುಟ್ಟುಹಾಕುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ಸಿಟಿಯಲ್ಲಿ ಅದು ಸಿಗುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ, ಉರಿಯದ ಡೀಸೆಲ್ ಆಯಿಲ್ ಸೇರುತ್ತದೆ. ಸುಟ್ಟ ಮೇಲೂ ಉಳಿಯುವ ಬೂದಿ ಯಾವ ಓಟಕ್ಕೂ ಹೋಗುವುದಿಲ್ಲ. ಆದ್ದರಿಂದ ಹೆಚ್ಚು ಓಡಿದ ಬಿಎಸ್6ನಲ್ಲಿ ಡಿಪಿಎಫ್ ಬದಲಿಸುವ ಖರ್ಚು ಎಂದಾದರೂ ಬರುವಂಥದ್ದೇ.

ಸೈಲೆನ್ಸರ್ ತುದಿಯೊಳಗೆ ಬಿಳಿ ಬಟ್ಟೆ ಆಡಿಸಿ. ಡಿಪಿಎಫ್ ಸರಿಯಿದ್ದರೆ ಬಟ್ಟೆ ಹೆಚ್ಚು ಕಡಿಮೆ ಶುಭ್ರವಾಗಿರುತ್ತದೆ. ದಟ್ಟ ಮಸಿ ಬಂದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಒಳಗಿನದನ್ನು ಕಿತ್ತು ಕಂಪ್ಯೂಟರಿಗೆ ಸುಳ್ಳು ಹೇಳಿಸಿದ್ದಾರೆ.

ಟ್ಯಾಕ್ಸಿಯಾಗಿ ಓಡಿದ ಗಾಡಿಯನ್ನು ವೈಟ್ ಬೋರ್ಡ್ ಮಾಡಿಸಿರುವುದು ತಿಳಿಯುತ್ತದೆಯೇ?

ತಿಳಿಯುತ್ತದೆ. ತಯಾರಿಕೆಯ ವರ್ಷ 2014, ನಂಬರ್ ಸರಣಿ ಮಾತ್ರ 2018ರ ಸುಮಾರಿನದು ಎಂದಾದರೆ ಕಾರಣ ಕೇಳಿ. ಹಳದಿ ಪ್ಲೇಟಿನ ಸ್ಕ್ರೂ ತೂತು, ಸ್ಪೀಡ್ ಗವರ್ನರ್ ತೆಗೆದ ವೈರು, ಹಿಂದಿನ ಸೀಟಿನ ಬಾಗಿಲ ಹಿಡಿಕೆಯ ಸವೆತ ನೋಡಿ. ಡಿಜೈರ್, ಇಟಿಯೋಸ್, ಇನ್ನೋವಾಗಳಲ್ಲಿ ಇದು ಮಾಮೂಲು. ಟ್ಯಾಕ್ಸಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಏರ್‌ಪೋರ್ಟ್ ಓಟದ ಗಾಡಿಯ ಎಂಜಿನ್ ಎಷ್ಟೋ ಚೆನ್ನಾಗಿರುತ್ತದೆ. ಟ್ಯಾಕ್ಸಿ ಗಾಡಿಗೆ ಖಾಸಗಿ ಗಾಡಿಯ ಬೆಲೆ ಕೇಳುವುದು ಮಾತ್ರ ತಪ್ಪು.

ದೆಹಲಿ ಗಾಡಿ ಅಗ್ಗಕ್ಕೆ ಸಿಗುತ್ತಿದೆ. ತರಬಹುದೇ?

ಅಗ್ಗ ಏಕೆಂದರೆ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ದೆಹಲಿ ಸುತ್ತಮುತ್ತ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿತು, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಸ್ವಲ್ಪ ಸಡಿಲಿಕೆ ಬಂದರೂ ಅಲ್ಲಿ ಹಳೆಯ ಡೀಸೆಲ್ ಎಂದರೆ ಜನ ಹಿಂಜರಿಯುತ್ತಾರೆ. ಕರ್ನಾಟಕದಲ್ಲಿ ಅಂಥ 10 ವರ್ಷದ ನಿಯಮವಿಲ್ಲ. ಆದರೆ ಎನ್‌ಒಸಿ ತಂದು, ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯಬೇಕು. ತೆರಿಗೆಯನ್ನು ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ದೊಡ್ಡ ಎಸ್‌ಯುವಿಗಳಲ್ಲಿ ಈ ಒಂದು ಸಾಲಿಗೇ ಉಳಿತಾಯ ಕರಗುತ್ತದೆ. ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡು ಆಮೇಲೆ ಟೋಕನ್ ಕೊಡಿ.

ನೆರೆಯಲ್ಲಿ ಮುಳುಗಿದ ಗಾಡಿ, ಅಪಘಾತವಾದ ಗಾಡಿ?

ಚೆನ್ನೈ 2015, ಕೇರಳ 2018, ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಡೆ 2022ರ ಸೆಪ್ಟೆಂಬರ್, ಈ ನೆರೆಗಳಲ್ಲಿ ಮುಳುಗಿದ ಗಾಡಿಗಳೆಲ್ಲ ಎಲ್ಲಿಯೋ ಓಡುತ್ತಲೇ ಇವೆ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿಯ ತುಕ್ಕು, ಸ್ಟೆಪ್ನಿ ಕೆಳಗಿನ ಮಣ್ಣು, ಕಾರ್ಪೆಟ್ ಅಡಿಯ ವಾಸನೆ ನೋಡಿ. ಮಂಗಳೂರು, ಉಡುಪಿ ಗಾಡಿಯಾದರೆ ಲಿಫ್ಟ್ ಮೇಲೆ ಏರಿಸಿ ಅಡಿಭಾಗದ ತುಕ್ಕು ಪರೀಕ್ಷಿಸಿ.

ಟಿಂಕರಿಂಗ್ ಆಗಿದೆಯೇ ಎಂದು ತಿಳಿಯಲು ಬಾನೆಟ್, ಫೆಂಡರ್, ಬಾಗಿಲ ಬೋಲ್ಟುಗಳಲ್ಲಿ ಸ್ಪ್ಯಾನರ್ ಗುರುತು ನೋಡಿ, ಗಾಜುಗಳ ಮೇಲಿನ ತಯಾರಿಕಾ ವರ್ಷ ಹೋಲಿಸಿ. ಬಾಗಿಲು, ಬಂಪರ್ ಬದಲಾಗಿದ್ದರೆ ಏನೂ ಅಲ್ಲ. ಏಪ್ರನ್ (ಬಾನೆಟ್ ಒಳಗಿನ ಪಕ್ಕದ ತಗಡು) ಅಥವಾ ಪಿಲ್ಲರ್‌ನಲ್ಲಿ (ಛಾವಣಿ ಹೊರುವ ಕಂಬ) ವೆಲ್ಡಿಂಗ್ ಕಂಡರೆ ಆ ಗಾಡಿ ಬಿಡಿ. ಹಳೆಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಶೇ. 50 ಇದ್ದರೆ ಸತತ ಐದು ವರ್ಷ ಕ್ಲೇಮ್ ಇಲ್ಲ ಎಂದರ್ಥ. ಅದೇ ಮಾಲೀಕರ ಹೆಸರಲ್ಲೇ ಅದು ಸೊನ್ನೆಗೆ ಇಳಿದಿದ್ದರೆ ಆ ವರ್ಷ ಏನಾಯಿತು ಎಂದು ಕೇಳಬೇಕು.

ಕಾಗದಪತ್ರದಲ್ಲಿ ಏನೇನು ನೋಡಬೇಕು?

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ಸಾಲ ಇದೆಯೇ, ಇನ್ಶೂರೆನ್ಸ್, ಆರ್‌ಸಿ ಅವಧಿ ಎಲ್ಲ ಬರುತ್ತದೆ. ಚಾಸಿಸ್ ನಂಬರನ್ನು ಗಾಡಿಯ ಮೇಲೆ ಕೊರೆದದ್ದಕ್ಕೆ ಹೋಲಿಸಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಸಂಚಾರ ದಂಡ ಬಾಕಿಯನ್ನು ಮಾರುವವರೇ ಕಟ್ಟಬೇಕು, ದುಡ್ಡು ಕೊಡುವ ಮುಂಚೆ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದ ಗಡುವು ಇದೆ. ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಹಳೆಯ ಮಾಲೀಕರದ್ದು.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ನವೀಕರಿಸಬೇಕು. ನವೀಕರಣ ಶುಲ್ಕ 2022ರಲ್ಲಿ ಕಾರಿಗೆ 5,000 ರೂ. ಆಯಿತು, ಜೊತೆಗೆ ಹಸಿರು ತೆರಿಗೆ, ರಿಪೇರಿ, ಪೇಂಟಿಂಗ್ ಖರ್ಚು. ಹದಿಮೂರು ವರ್ಷದ ಗಾಡಿ ಕೊಳ್ಳುವವರು ಇದನ್ನು ಈಗಲೇ ಬೆಲೆಯಲ್ಲಿ ಹಿಡಿಯಬೇಕು.

ಬೆಲೆ ಮಾತಾಡುವುದು ಹೇಗೆ? ಕೈಯಲ್ಲಿ ಎಷ್ಟು ಉಳಿಸಿಕೊಳ್ಳಬೇಕು?

"ಜಾಸ್ತಿ ಓಡಿದೆ, ಕಡಿಮೆ ಮಾಡಿ" ಎಂದರೆ ಐದು ಸಾವಿರ ಇಳಿಸುತ್ತಾರೆ. "ಬೆಲ್ಟ್ ಕಿಟ್ 14,000, ನಾಲ್ಕು ಟೈರ್ 20,000, ಮುಂದಿನ ಸಸ್ಪೆನ್ಷನ್ 12,000, ಇಗೋ ಎಸ್ಟಿಮೇಟ್" ಎಂದು ಚೀಟಿ ಇಟ್ಟರೆ ಮಾತಿನ ದಾರಿಯೇ ಬೇರೆ. ಬ್ರೋಕರ್ ಜೊತೆಗಿಂತ ನೇರ ಮಾಲೀಕರ ಜೊತೆ ಇದು ಚೆನ್ನಾಗಿ ನಡೆಯುತ್ತದೆ. ಸಣ್ಣ ಡೀಸೆಲ್‌ಗೆ 40ರಿಂದ 60 ಸಾವಿರ, ಇನ್ನೋವಾ, ಎಕ್ಸ್‌ಯುವಿ500 ಮಟ್ಟದ ಗಾಡಿಗೆ ಲಕ್ಷ ರೂಪಾಯಿ ಬೇರೆ ಎತ್ತಿಡಿ. ಅಷ್ಟು ಎತ್ತಿಡಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ನೋಡಿ. ಇದ್ದ ದುಡ್ಡೆಲ್ಲ ಸುರಿದು ದೊಡ್ಡ ಗಾಡಿ ತಂದವರೇ ಆಮೇಲೆ ಸರ್ವಿಸ್ ಮುಂದೂಡುವುದು.

ಗಾಡಿ ಮನೆಗೆ ತಂದ ಮೇಲೆ ಮೊದಲ ವಾರ ಏನು ಮಾಡಿಸಬೇಕು?

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎಲ್ಲ ಒಟ್ಟಿಗೆ ಬದಲಿಸಿ. ಹಿಂದಿನವರು ಕಳೆದ ತಿಂಗಳೇ ಮಾಡಿಸಿದ್ದೇವೆ ಎಂದರೂ ಸರಿ. ಮಲ್ಟಿಜೆಟ್‌ಗೆ ಆಯಿಲ್ ಸುಮಾರು 3 ಲೀಟರ್ ಸಾಕು, ಡಿಪಿಎಫ್ ಇರುವ ಗಾಡಿಗೆ ಪುಸ್ತಕದಲ್ಲಿ ಹೇಳಿದ ಗ್ರೇಡ್ ಬಿಟ್ಟು ಬೇರೆ ಹಾಕಬೇಡಿ. ಹಳೆಯ ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ ಮತ್ತು ತಳದಲ್ಲಿ ಲೋಹದ ಚೂರು ಇದೆಯೇ ನೋಡಿ. ಬ್ರೇಕ್ ಆಯಿಲ್, ಕೂಲೆಂಟ್, ಗೇರ್ ಆಯಿಲ್ ಎರಡನೇ ಸುತ್ತಿನಲ್ಲಿ. ಬೆಲ್ಟ್ ಇರುವ ಎಂಜಿನ್‌ಗೆ ಬಿಲ್ ಇಲ್ಲದಿದ್ದರೆ ಅದು ಎಲ್ಲಕ್ಕಿಂತ ಮೊದಲು, ಗಾಡಿಯನ್ನು ನೇರವಾಗಿ ಗ್ಯಾರೇಜಿಗೇ ಒಯ್ಯಿರಿ.

ಎಂಜಿನ್ ಫ್ಲಶ್ ಮಾಡಿಸಲು ಬಹಳ ಕಡೆ ಒತ್ತಾಯಿಸುತ್ತಾರೆ. ಆಯಿಲ್ ಸರಿಯಾಗಿ ಬದಲಿಸದ ಹಳೆಯ ಎಂಜಿನ್‌ನಲ್ಲಿ ಅದು ಗಟ್ಟಿ ಕೊಳೆಯನ್ನು ಎಬ್ಬಿಸಿ ಆಯಿಲ್ ಎಳೆಯುವ ಜಾಲರಿಗೆ ಕಟ್ಟಿಸಬಹುದು, ಹಾಗಾದರೆ ಟರ್ಬೊ ಮತ್ತು ಬೇರಿಂಗಿಗೆ ಆಯಿಲ್ ಸಾಲದೆ ಹೋಗುತ್ತದೆ. ಅದರ ಬದಲು ಮೊದಲ ಆಯಿಲನ್ನು 3,000 ಕಿ.ಮೀ.ಗೇ ಇಳಿಸಿ, ಎರಡನೆಯದನ್ನು 5,000ಕ್ಕೆ, ಆಮೇಲೆ ಮಾಮೂಲು ಲೆಕ್ಕಕ್ಕೆ ಬನ್ನಿ. ಪ್ರತಿ ಸಾವಿರ ಕಿ.ಮೀ.ಗೆ ಡಿಪ್‌ಸ್ಟಿಕ್ ಮಟ್ಟ ಬರೆದಿಡಿ. 5,000ದೊಳಗೆ ಅರ್ಧ ಲೀಟರಿಗಿಂತ ಹೆಚ್ಚು ಸೇರಿಸಬೇಕಾಗಿ ಬಂದರೆ ಮೊದಲು ಟರ್ಬೊ ಹೋಸ್, ಬ್ರೀದರ್ ನೋಡಿಸಿ, ರಿಂಗಿನ ಮಾತು ಆಮೇಲೆ.